ಕುದುರೆಮುಖದ ಗಣಿ ವಿದೇಶಿಯರದ್ದಾಗಿದ್ದರೆ? ಹೂಡಿಕೆದಾರರಿಗೆ ಅಂತರರಾಷ್ಟ್ರೀಯ ರೂಢಿ ಕಾನೂನು ಕೊಡುವ ರಕ್ಷಣೆ ಎಷ್ಟು

ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಡಿಸೆಂಬರ್ 31ಕ್ಕೆ ನಿಂತಿತು. ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್‌ನಲ್ಲೇ ಆದೇಶ ಕೊಟ್ಟಿತ್ತು, ಕಂಪನಿಗೆ ಮೂರು ವರ್ಷಕ್ಕೂ ಜಾಸ್ತಿ ಗಡುವು ಸಿಕ್ಕಿತ್ತು. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಆ ಗಣಿಯ ಬಗ್ಗೆ ಇವತ್ತಿಗೂ ಎರಡು ಮಾತಿದೆ. ಕೆಲಸ ಹೋಯಿತು, ಇಡೀ ಟೌನ್‌ಶಿಪ್ ಪಾಳುಬಿತ್ತು ಅಂತ ನೊಂದುಕೊಳ್ಳುವವರಿದ್ದಾರೆ. ಕಾಡು ಉಳಿಯಿತು, ಭದ್ರಾ ನದಿಗೆ ಹೂಳು ಬೀಳುವುದು ತಪ್ಪಿತು ಅನ್ನುವವರೂ ಇದ್ದಾರೆ. ನಾನು ಎರಡನೆಯವರ ಜೊತೆ. ಆದರೆ ಇಲ್ಲಿ ಆ ಗಣಿಯನ್ನು ಬೇರೊಂದು ಕಾರಣಕ್ಕೆ ಎತ್ತಿಕೊಂಡಿದ್ದೇನೆ.

ಅದು ಕೇಂದ್ರ ಸರ್ಕಾರದ ಕಂಪನಿ. ಆದರೆ ಯೋಜನೆ ಶುರುವಾದದ್ದು ಇರಾನಿನ ದುಡ್ಡು ನಂಬಿಕೊಂಡು. 1970ರ ದಶಕದಲ್ಲಿ ಇರಾನಿನ ಷಾ ಸರ್ಕಾರ 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತ್ತು, ಬರುವ ಅದಿರನ್ನೂ ತಾನೇ ಕೊಳ್ಳುವುದಾಗಿ ಹೇಳಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಆ ಮಾತು ಅಲ್ಲಿಗೇ ಮುರಿದುಬಿತ್ತು.

ಈಗ ಒಂದು ಕ್ಷಣ ಹೀಗೆ ಅಂದುಕೊಳ್ಳಿ. ಆ ಕಂಪನಿ ನಮ್ಮ ಸರ್ಕಾರದ್ದಲ್ಲ, ಪೂರ್ತಿ ವಿದೇಶಿಯರದ್ದು. ಆ ದೇಶಕ್ಕೂ ನಮಗೂ ಹೂಡಿಕೆಯ ಬಗ್ಗೆ ಯಾವ ಒಪ್ಪಂದವೂ ಇಲ್ಲ. ಗಣಿ ಮುಚ್ಚಿಸಿದ ಮೇಲೆ ಆ ದೇಶ ಬಂದು "ನಮ್ಮವರ ಕಂಪನಿಗೆ ಅನ್ಯಾಯ ಮಾಡಿದ್ದೀರಿ, ಪರಿಹಾರ ಕೊಡಿ" ಅಂತ ಭಾರತವನ್ನು ಕೇಳಬಹುದೇ? ಕೇಳಿದರೆ ಯಾವ ಕಾನೂನಿನ ಮೇಲೆ ಕೇಳುತ್ತದೆ?

ಉತ್ತರ ಇರುವುದು ರೂಢಿಗತ ಅಂತರರಾಷ್ಟ್ರೀಯ ಕಾನೂನಿನಲ್ಲಿ. ಇದನ್ನು ಯಾವ ಸಂಸತ್ತೂ ಪಾಸು ಮಾಡಿಲ್ಲ, ಯಾರೂ ಸಹಿ ಹಾಕಿಲ್ಲ, ಆದರೂ ಎಲ್ಲ ದೇಶಗಳಿಗೂ ಅನ್ವಯಿಸುತ್ತದೆ. ಸಹಿ ಇಲ್ಲದೆ ಕಾನೂನು ಹೇಗಾಯಿತು ಅಂತ ಕೇಳಿದರೆ, ನಮ್ಮ ಮಲೆನಾಡಿನ ಕಾಲುದಾರಿಯನ್ನು ನೋಡಿ. ಒಬ್ಬರ ಕಾಫಿ ತೋಟದ ನಡುವೆ ಊರಿನವರು ಎಷ್ಟೋ ವರ್ಷದಿಂದ ಓಡಾಡುತ್ತಿರುತ್ತಾರೆ. ತೋಟದ ಯಜಮಾನರು ಸುಮ್ನೆ ದಾಕ್ಷಿಣ್ಯಕ್ಕೆ ಬಿಟ್ಟಿದ್ದರೆ ಅದು ಹಕ್ಕಾಗುವುದಿಲ್ಲ. ಓಡಾಡುವವರು "ಇದು ನಮ್ಮ ದಾರಿ" ಅಂತಲೇ ಓಡಾಡಿ, ಯಜಮಾನರೂ "ಇದನ್ನು ತಡೆಯುವ ಹಾಗಿಲ್ಲ" ಅಂತ ನಂಬಿ ಬಿಟ್ಟಿದ್ದರೆ ಆಗ ಅದು ಹಕ್ಕು. ದೇಶಗಳ ಮಧ್ಯೆಯೂ ಇದೇ ಎರಡು ಬೇಕು. ಒಂದು, ಬಹಳಷ್ಟು ದೇಶಗಳು ನಿಜವಾಗಿಯೂ ಹಾಗೆ ನಡೆದುಕೊಂಡಿರಬೇಕು. ಎರಡು, ಕಾನೂನಿನ ಪ್ರಕಾರ ಹಾಗೇ ನಡೆಯಬೇಕು ಎಂಬ ನಂಬಿಕೆಯಿಂದ ನಡೆದುಕೊಂಡಿರಬೇಕು. ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದ ಕಾಯಿದೆಯ 38ನೇ ವಿಧಿ ಹೇಳುವುದೂ ಇದನ್ನೇ. ಇಂಥ ರೂಢಿ ಇದೆ ಅಂತ ವಾದಿಸುವವರೇ ಅದನ್ನು ಸಾಬೀತು ಮಾಡಬೇಕು. ಈ ಕೊನೆಯ ಮಾತು ಮುಖ್ಯ, ಮುಂದೆ ಎಷ್ಟೋ ಕಂಪನಿಗಳು ಸೋತದ್ದು ಇಲ್ಲೇ.

ಹಾಗಾದರೆ ವಿದೇಶಿಯರ ವಿಷಯದಲ್ಲಿ ಯಾವ ರೂಢಿ ಇದೆ? ಇದಕ್ಕೆ 19ನೇ ಶತಮಾನದ ಜಗಳಕ್ಕೇ ಹೋಗಬೇಕು, ಮತ್ತು ಆ ಜಗಳ ಹಡಗು, ಫಿರಂಗಿಗಳ ಜೊತೆ ನಡೆದದ್ದು ಅನ್ನುವುದನ್ನು ಮರೆಯಬಾರದು.

1847ರಲ್ಲಿ ಅಥೆನ್ಸ್‌ನಲ್ಲಿ ಡೇವಿಡ್ ಪೆಸಿಫಿಕೊ ಎಂಬ ವ್ಯಾಪಾರಿಯ ಮನೆಯನ್ನು ಗಲಭೆಕೋರರು ಲೂಟಿ ಮಾಡಿದರು. ಅವನು ಹುಟ್ಟಿದ್ದು ಜಿಬ್ರಾಲ್ಟರ್‌ನಲ್ಲಿ, ಹಾಗಾಗಿ ಬ್ರಿಟಿಷ್ ಪ್ರಜೆ. ಗ್ರೀಸ್ ಪರಿಹಾರ ಕೊಡಲಿಲ್ಲ ಅಂತ 1850ರಲ್ಲಿ ಬ್ರಿಟನ್ ತನ್ನ ನೌಕಾಪಡೆ ಕಳಿಸಿ ಬಂದರಿಗೆ ದಿಗ್ಬಂಧನ ಹಾಕಿತು. 1902ರಲ್ಲಿ ಬ್ರಿಟನ್, ಜರ್ಮನಿ, ಇಟಲಿ ಸೇರಿಕೊಂಡು ಸಾಲದ ಬಾಕಿಗೆ ವೆನೆಜುವೆಲಾದ ಬಂದರುಗಳಿಗೆ ಇದನ್ನೇ ಮಾಡಿದವು. ತಮ್ಮ ಪ್ರಜೆಗೆ ಆದ ಅನ್ಯಾಯ ತಮಗೇ ಆದ ಅನ್ಯಾಯ, ಅದಕ್ಕೆ ನಾವು ಕೇಳುತ್ತೇವೆ ಅನ್ನುವುದು ಅವರ ವಾದ. ಕೇಳುವ ಶಕ್ತಿ ಇದ್ದದ್ದು ಮಾತ್ರ ದೊಡ್ಡ ದೇಶಗಳಿಗೆ.

ಇದಕ್ಕೆ ಎದುರು ನಿಂತವರು ಲ್ಯಾಟಿನ್ ಅಮೆರಿಕದವರು. ಅರ್ಜೆಂಟೀನಾದ ಕಾನೂನು ಪಂಡಿತ ಕಾರ್ಲೋಸ್ ಕಾಲ್ವೊ ಹೇಳಿದ್ದು ನೇರವಾಗಿತ್ತು: ವಿದೇಶಿಯರು ನಮ್ಮ ನೆಲಕ್ಕೆ ಬಂದ ಮೇಲೆ ನಮ್ಮ ಪ್ರಜೆಗಳಿಗೆ ಇರುವ ಹಕ್ಕೇ ಅವರಿಗೂ, ಅದಕ್ಕಿಂತ ಜಾಸ್ತಿ ಇಲ್ಲ, ತಕರಾರಿದ್ದರೆ ನಮ್ಮ ಕೋರ್ಟಿಗೆ ಬರಲಿ. ಇದಕ್ಕೆ ಕಾಲ್ವೊ ಸಿದ್ಧಾಂತ ಅಂತ ಹೆಸರಾಯಿತು. ಯೂರೋಪ್ ಮತ್ತು ಅಮೆರಿಕ ಒಪ್ಪಲಿಲ್ಲ. ನಿಮ್ಮ ಜನರನ್ನು ನೀವು ಹೇಗೆ ಬೇಕಾದರೂ ನೋಡಿಕೊಳ್ಳಿ, ವಿದೇಶಿಯರಿಗೆ ಒಂದು ಕನಿಷ್ಠ ಮಟ್ಟ ಇದೆ, ಅದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ ಅಂದವು.

ಎರಡು ವಾದದ ವ್ಯತ್ಯಾಸ ಗೊತ್ತಾಗಬೇಕಾದರೆ ನಮ್ಮ ಕಾಫಿ ಪೂಲಿಂಗ್ ಕಾಲವನ್ನು ನೆನಪು ಮಾಡಿಕೊಳ್ಳಿ. 1940ರ ದಶಕದಿಂದ 1990ರ ದಶಕದವರೆಗೆ ಬೆಳೆಗಾರರು ಕಾಫಿಯನ್ನು ತಮಗೆ ಬೇಕಾದವರಿಗೆ ಮಾರುವ ಹಾಗಿರಲಿಲ್ಲ, ಕಾಫಿ ಮಂಡಳಿಯ ಪೂಲಿಗೇ ಕೊಡಬೇಕಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1996ರಲ್ಲಿ. ಸಕಲೇಶಪುರದ ಗೌಡರ ತೋಟವಾಗಲಿ, ಮೂಡಿಗೆರೆ ಕಡೆಯ ಬ್ರಿಟಿಷ್ ದೊರೆಯ ಎಸ್ಟೇಟಾಗಲಿ, ಎಲ್ಲರಿಗೂ ಒಂದೇ ನಿಯಮ. ಕಾಲ್ವೊ ಆಗಿದ್ದರೆ ಇಲ್ಲಿಗೆ ಮಾತು ಮುಗಿಯಿತು ಅನ್ನುತ್ತಿದ್ದ, ಎಲ್ಲರನ್ನೂ ಸಮನಾಗಿ ನೋಡಿದ್ದಾರಲ್ಲ. ಕನಿಷ್ಠ ಮಟ್ಟದವರು ಇನ್ನೂ ಒಂದು ಪ್ರಶ್ನೆ ಕೇಳುತ್ತಾರೆ: ಸಮನಾಗಿ ನೋಡಿದ್ದು ಸರಿ, ಆ ಎಲ್ಲರಿಗೂ ಆದದ್ದು ಸಹಿಸಲಾಗದಷ್ಟು ಕೆಟ್ಟದ್ದಾಗಿತ್ತೇ? ಪೂಲಿಂಗ್‌ನಲ್ಲಿ ಬೆಲೆ ಸಿಗುತ್ತಿತ್ತು, ಕೋರ್ಟಿಗೆ ಹೋಗುವ ದಾರಿ ತೆರೆದಿತ್ತು, ಆದ್ದರಿಂದ ಆ ಪ್ರಶ್ನೆಗೂ ಉತ್ತರ "ಇಲ್ಲ" ಅಂತಲೇ ಬರುತ್ತಿತ್ತು ಅಂತ ನನ್ನ ಲೆಕ್ಕ. ಆದರೆ ಪ್ರಶ್ನೆ ಕೇಳುವುದಕ್ಕೆ ಜಾಗ ಇದೆ, ಅಷ್ಟು ಮುಖ್ಯ.

ಈ ಮಟ್ಟ ಎಲ್ಲಿದೆ ಅಂತ ಹೇಳಿದ ತೀರ್ಪುಗಳು ಹೆಚ್ಚಾಗಿ ಮೆಕ್ಸಿಕೊದಿಂದ ಬಂದವು. ಪಾಲ್ ನೀರ್ ಅಂತ ಒಬ್ಬ ಅಮೆರಿಕನ್, ಮೆಕ್ಸಿಕೊದ ಡುರಾಂಗೊ ರಾಜ್ಯದಲ್ಲಿ ಗಣಿಯೊಂದರ ಮೇಲ್ವಿಚಾರಕ. 1924ರ ನವೆಂಬರ್‌ನಲ್ಲಿ ಹೆಂಡತಿಯ ಜೊತೆ ಕುದುರೆ ಮೇಲೆ ಮನೆಗೆ ವಾಪಸು ಬರುವಾಗ ಬಂದೂಕುಧಾರಿಗಳು ತಡೆದು ಗುಂಡಿಟ್ಟು ಕೊಂದರು. ಪೊಲೀಸರು ಸರಿಯಾಗಿ ತನಿಖೆ ಮಾಡಲಿಲ್ಲ ಅಂತ ಅವನ ಹೆಂಡತಿ ಮಗಳ ಪರವಾಗಿ ಅಮೆರಿಕ 1 ಲಕ್ಷ ಡಾಲರ್ ಪರಿಹಾರ ಕೇಳಿತು. ಎರಡು ದೇಶ ಸೇರಿ ಮಾಡಿದ್ದ ಆಯೋಗ 1926ರಲ್ಲಿ ಕೇಳಿಕೆಯನ್ನು ತಿರಸ್ಕರಿಸಿತು. ತನಿಖೆ ಇನ್ನೂ ಚೆನ್ನಾಗಿ ಆಗಬಹುದಿತ್ತು, ಆದರೆ ಅಷ್ಟು ಸಾಲದು ಅಂದಿತು. ಸರ್ಕಾರದ ನಡವಳಿಕೆ ಘೋರವಾಗಿರಬೇಕು, ಅಥವಾ ದುರುದ್ದೇಶದ್ದಾಗಿರಬೇಕು, ಅಥವಾ ಬೇಕೆಂದೇ ಕರ್ತವ್ಯ ಬಿಟ್ಟದ್ದಾಗಿರಬೇಕು. ಅದೂ ಅಲ್ಲದಿದ್ದರೆ ಯಾವ ನಿಷ್ಪಕ್ಷಪಾತಿ ನೋಡಿದರೂ "ಇದು ಸಾಲದು" ಅಂತ ಥಟ್ಟನೆ ಹೇಳುವಷ್ಟು ಕಳಪೆಯಾಗಿರಬೇಕು. ಇದೇ ನೀರ್ ಮಾನದಂಡ. ಸುಮಾರು ನೂರು ವರ್ಷ ಆಯಿತು, ಇವತ್ತಿಗೂ ವಕೀಲರು ಇದನ್ನೇ ಎಳೆದಾಡುತ್ತಿದ್ದಾರೆ. ಆ ಆಯೋಗದ ಅಧ್ಯಕ್ಷರಾಗಿದ್ದ ಡಚ್ ವಿದ್ವಾಂಸ ವ್ಯಾನ್ ವೊಲೆನ್‌ಹೋವನ್ ಇಂಡೊನೇಷ್ಯಾದ ಹಳ್ಳಿಗಳ ರೂಢಿ ಕಾನೂನನ್ನು ಅಧ್ಯಯನ ಮಾಡಿ ಹೆಸರಾದವರು. ರೂಢಿಯೆಂದರೆ ಏನು ಅಂತ ಚೆನ್ನಾಗಿ ತಿಳಿದವರ ಕೈಯಲ್ಲೇ ಈ ಮಾತು ರೂಪ ಪಡೆದದ್ದು ನನಗೆ ಯಾವಾಗಲೂ ಇಷ್ಟವಾಗುತ್ತದೆ.

ಅದೇ ಆಯೋಗ, ಅದೇ ವರ್ಷ, ಇನ್ನೊಂದು ಪ್ರಕರಣ. ಹ್ಯಾರಿ ರಾಬರ್ಟ್ಸ್ ಎಂಬ ಅಮೆರಿಕನ್ ಮೆಕ್ಸಿಕೊದ ಟಾಂಪಿಕೊ ಜೈಲಿನಲ್ಲಿ ವಿಚಾರಣೆ ಇಲ್ಲದೆ 19 ತಿಂಗಳು ಕೊಳೆತ. ಒಂದೇ ಕೋಣೆಯಲ್ಲಿ 30-40 ಜನ, ಮಣ್ಣಿನ ನೆಲ, ಶೌಚದ ವ್ಯವಸ್ಥೆ ಇಲ್ಲ. ನಮ್ಮ ಪ್ರಜೆಗಳನ್ನೂ ಅಲ್ಲೇ ಇಟ್ಟಿದ್ದೇವೆ ಅಂತ ಮೆಕ್ಸಿಕೊ ವಾದಿಸಿತು. ಸಮಾನವಾಗಿ ನೋಡಿದ್ದೀರಿ ಅನ್ನುವುದೇ ಕೊನೆಯ ಪರೀಕ್ಷೆಯಾಗುವುದಿಲ್ಲ, ನಾಗರಿಕ ಸಮಾಜದ ಸಾಮಾನ್ಯ ಮಟ್ಟಕ್ಕೆ ಅದು ಮುಟ್ಟುತ್ತದೆಯೇ ಅಂತ ನೋಡುತ್ತೇವೆ ಅಂತ ಆಯೋಗ 8,000 ಡಾಲರ್ ಕೊಡಿಸಿತು. ಕಾಲ್ವೊ ಸಿದ್ಧಾಂತಕ್ಕೆ ಬಿದ್ದ ಗಟ್ಟಿ ಪೆಟ್ಟು ಇದು. ಹೀಗೆ ಎರಡು ಪ್ರಕರಣ ಸೇರಿಸಿ ನೋಡಿದರೆ ಚಿತ್ರ ಸಿಗುತ್ತದೆ: ಮಟ್ಟ ಅಂತ ಒಂದು ಇದೆ, ಆದರೆ ಅದು ಬಹಳ ಕೆಳಗಿದೆ.

ಸ್ವತ್ತು ಕಿತ್ತುಕೊಂಡಾಗ ಎಷ್ಟು ಕೊಡಬೇಕು ಅನ್ನುವುದು ಬೇರೆ ಜಗಳ. 1938ರಲ್ಲಿ ಮೆಕ್ಸಿಕೊ ಅಮೆರಿಕನ್ನರ ಕೃಷಿ ಜಮೀನು ತೆಗೆದುಕೊಂಡದ್ದಕ್ಕೆ ಅಮೆರಿಕದ ವಿದೇಶಾಂಗ ಮಂತ್ರಿ ಕಾರ್ಡೆಲ್ ಹಲ್ ಬರೆದ ಪತ್ರದಿಂದ ಹಲ್ ಸೂತ್ರ ಹುಟ್ಟಿತು: ಪರಿಹಾರ ತಕ್ಷಣ ಸಿಗಬೇಕು, ಸಾಕಷ್ಟಿರಬೇಕು, ಬಳಸಲು ಬರುವ ಹಣದಲ್ಲಿರಬೇಕು. ಅಂಥ ನಿಯಮವೇ ಇಲ್ಲ ಅಂತ ಮೆಕ್ಸಿಕೊ ಉತ್ತರ ಬರೆಯಿತು. ಸ್ವಾತಂತ್ರ್ಯ ಪಡೆದ ಏಷ್ಯಾ, ಆಫ್ರಿಕಾ ದೇಶಗಳು ಬಂದ ಮೇಲೆ 1962ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1803ನೇ ನಿರ್ಣಯದಲ್ಲಿ "ಸೂಕ್ತ ಪರಿಹಾರ" ಅಂತ ಹಾಕಿ ನಡುದಾರಿ ಹಿಡಿಯಿತು. ಸಾರ್ವಜನಿಕ ಉದ್ದೇಶ ಇರಬೇಕು, ತಾರತಮ್ಯ ಇರಬಾರದು, ಏನಾದರೂ ಪರಿಹಾರ ಕೊಡಲೇಬೇಕು, ಇಷ್ಟರ ಬಗ್ಗೆ ಇವತ್ತು ಹೆಚ್ಚು ತಕರಾರಿಲ್ಲ.

ಈಗ ಈ ಕನಿಷ್ಠ ಮಟ್ಟದ ಒಳಗೆ ಏನೇನಿದೆ ನೋಡೋಣ. ಮೊದಲನೆಯದು, ಎಲ್ಲರೂ ಒಪ್ಪುವಂಥದ್ದು, ನ್ಯಾಯ ನಿರಾಕರಣೆ. ವಿದೇಶಿಯ ಅನ್ನುವ ಕಾರಣಕ್ಕೆ ಕೋರ್ಟು ಬಾಗಿಲು ಹಾಕುವುದು, ಕೇಳದೆಯೇ ತೀರ್ಪು ಕೊಡುವುದು, ವಿಚಾರಣೆಯನ್ನೇ ನಾಟಕ ಮಾಡುವುದು. ತೀರ್ಪು ತಪ್ಪಾದರೆ ಸಾಕಾಗುವುದಿಲ್ಲ, ವ್ಯವಸ್ಥೆಯೇ ಕೈಕೊಟ್ಟಿರಬೇಕು. ಅದಕ್ಕೇ ಮೇಲ್ಮನವಿ ಮುಗಿಯುವವರೆಗೆ ಇದನ್ನು ಎತ್ತುವ ಹಾಗಿಲ್ಲ.

ಎರಡನೆಯದು ಪೊಲೀಸ್ ರಕ್ಷಣೆ. ಸರ್ಕಾರ ಯಾವ ಅನಾಹುತವೂ ಆಗುವುದಿಲ್ಲ ಅಂತ ಗ್ಯಾರಂಟಿ ಕೊಡಬೇಕಾಗಿಲ್ಲ, ಆದರೆ ತಕ್ಕಮಟ್ಟಿನ ಎಚ್ಚರ ವಹಿಸಬೇಕು. ಪಕ್ಕದ ಶ್ರೀಲಂಕಾದಲ್ಲಿ 1987ರಲ್ಲಿ ಬಟ್ಟಿಕಲೋವ ಹತ್ತಿರ ಭದ್ರತಾ ಪಡೆಗಳ ಕಾರ್ಯಾಚರಣೆಯಲ್ಲಿ ಸಿಗಡಿ ಸಾಕಣೆ ಕೇಂದ್ರವೊಂದು ನಾಶವಾಯಿತು. ಅದರಲ್ಲಿ ಹಾಂಗ್‌ಕಾಂಗ್ ಕಂಪನಿಯ ಪಾಲಿತ್ತು. 1990ರಲ್ಲಿ ಬಂದ ತೀರ್ಪಿನಲ್ಲಿ ಶ್ರೀಲಂಕಾ 4.6 ಲಕ್ಷ ಡಾಲರ್ ಕೊಡಬೇಕಾಯಿತು. ಕೇಸು ಬಂದದ್ದು ಒಪ್ಪಂದದ ದಾರಿಯಲ್ಲಿ, ಆದರೆ ಟ್ರಿಬ್ಯೂನಲ್ (ಮಧ್ಯಸ್ಥಗಾರರ ಪೀಠ) ಅಳೆದದ್ದು ರೂಢಿ ಕಾನೂನಿನ ಎಚ್ಚರದ ಮಟ್ಟದಲ್ಲಿ. ಕಾರ್ಯಾಚರಣೆಗೆ ಮೊದಲು, ಬಂಡುಕೋರರ ಕಡೆಯವರೆಂಬ ಶಂಕೆ ಇದ್ದ ಕೆಲಸಗಾರರನ್ನು ಶಾಂತವಾಗಿ ಹೊರಗೆ ಕಳಿಸಲು ಪ್ರಯತ್ನಿಸಬಹುದಿತ್ತು ಅಂತ ಅದು ಹೇಳಿತು.

ಮೂರನೆಯದು ಮನಬಂದಂತೆ ವರ್ತಿಸುವುದು. ಇಲ್ಲಿ 1989ರ ಎಲ್ಸಿ ಪ್ರಕರಣ ಓದಬೇಕು. ಇಟಲಿಯ ಪಲೆರ್ಮೊದಲ್ಲಿ ಅಮೆರಿಕನ್ ಕಂಪನಿ ರೇಥಿಯಾನ್‌ನ ಕಾರ್ಖಾನೆ ನಷ್ಟದಲ್ಲಿತ್ತು, ಮುಚ್ಚಲು ಹೊರಟಿತು. 1968ರಲ್ಲಿ ಅಲ್ಲಿನ ಮೇಯರ್ ಕೆಲಸಗಾರರ ಒತ್ತಡಕ್ಕೆ ಕಾರ್ಖಾನೆಯನ್ನೇ ವಶಕ್ಕೆ ತೆಗೆದುಕೊಂಡರು. ಆ ಆದೇಶ ಕಾನೂನುಬಾಹಿರ ಅಂತ ಇಟಲಿಯ ಅಧಿಕಾರಿಗಳೇ ಆಮೇಲೆ ಹೇಳಿದರು. ಆದರೂ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಅಮೆರಿಕ ಸೋತಿತು. ಒಂದು ಆದೇಶ ಸ್ಥಳೀಯ ಕಾನೂನಿಗೆ ವಿರುದ್ಧ ಅಂದಾಕ್ಷಣ ಅದು ಸ್ವೇಚ್ಛೆಯಾಗುವುದಿಲ್ಲ, ಕಾನೂನಿನ ಆಳ್ವಿಕೆಯನ್ನೇ ಧಿಕ್ಕರಿಸಿದ ಹಾಗಿರಬೇಕು, ನ್ಯಾಯಪ್ರಜ್ಞೆ ಇರುವವರು ಬೆಚ್ಚುವಂತಿರಬೇಕು ಅಂತ ನ್ಯಾಯಾಲಯ ಹೇಳಿತು. ತಹಶೀಲ್ದಾರರ ಆದೇಶವನ್ನು ಎಸಿ ಕೋರ್ಟು ರದ್ದು ಮಾಡುವುದು ನಮ್ಮಲ್ಲಿ ದಿನನಿತ್ಯದ ಸಂಗತಿ ಅಲ್ವಾ, ಹಾಗೆ ರದ್ದಾದ ಪ್ರತಿ ಆದೇಶವೂ ಅಂತರರಾಷ್ಟ್ರೀಯ ತಪ್ಪಾಗಿದ್ದರೆ ಯಾವ ದೇಶವೂ ಆಡಳಿತ ನಡೆಸಲು ಆಗುತ್ತಿರಲಿಲ್ಲ.

ಇಷ್ಟರವರೆಗೆ ಹೆಚ್ಚಿನವರು ಒಪ್ಪುತ್ತಾರೆ. ಜಗಳ ಶುರುವಾಗುವುದು ಇಲ್ಲಿಂದ ಮುಂದೆ. 1990ರ ದಶಕದಲ್ಲಿ ದೇಶಗಳು ಹೂಡಿಕೆ ಒಪ್ಪಂದಗಳನ್ನು ಸಾಲುಸಾಲಾಗಿ ಮಾಡಿಕೊಂಡವು. ಅವುಗಳಲ್ಲಿ "ನ್ಯಾಯಯುತ ಮತ್ತು ಸಮಂಜಸ ನಡವಳಿಕೆ" ಅಂತ ಒಂದು ಸಾಲು ಇರುತ್ತಿತ್ತು. ಅದಕ್ಕೆ ರೂಢಿಯ ಕನಿಷ್ಠ ಮಟ್ಟ ಅಂತಲೇ ಅರ್ಥವೋ, ಅದಕ್ಕಿಂತ ಎತ್ತರದ್ದೋ? ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದವಾದ ನಾಫ್ಟಾದಲ್ಲಿ ಇದು ಎಷ್ಟು ಗೊಂದಲವಾಯಿತೆಂದರೆ, 2001ರ ಜುಲೈ 31ರಂದು ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ ಅಧಿಕೃತ ಟಿಪ್ಪಣಿ ಹೊರಡಿಸಬೇಕಾಯಿತು: ಅದು ರೂಢಿಯ ಕನಿಷ್ಠ ಮಟ್ಟವೇ, ಅದಕ್ಕಿಂತ ಜಾಸ್ತಿ ಏನೂ ಇಲ್ಲ. ಕಂಪನಿಗಳ ವಕೀಲರು ಬಿಡಲಿಲ್ಲ. ಸರಿ, ರೂಢಿಯೇ ಇರಲಿ, ಆದರೆ 1926ರ ರೂಢಿ ಇವತ್ತಿಗೆ ಬೆಳೆದಿದೆಯಲ್ಲ ಅಂದರು. ಮಾಂಡೆವ್ ಪ್ರಕರಣದಲ್ಲಿ, 2002ರಲ್ಲಿ, ಟ್ರಿಬ್ಯೂನಲ್ ಈ ಮಾತನ್ನು ಒಪ್ಪಿತು. ಇಂದಿನ ಕಣ್ಣಿಗೆ ಅನ್ಯಾಯ ಕಾಣಲು ಅದು ಘೋರವೇ ಆಗಿರಬೇಕಿಲ್ಲ ಅಂದಿತು.

2009ರ ಗ್ಲಾಮಿಸ್ ಗೋಲ್ಡ್ ತೀರ್ಪು ಬೇರೆ ಕಡೆಗೆ ಹೋಯಿತು, ಮತ್ತು ಕುದುರೆಮುಖ ಕಂಡ ನಮಗೆ ಅದು ಪರಿಚಿತವಾಗಿಯೇ ಕಾಣುತ್ತದೆ. ಕೆನಡಾದ ಚಿನ್ನದ ಕಂಪನಿಯೊಂದು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ತೆರೆದ ಗಣಿ ಮಾಡಲು ಹೊರಟಿತ್ತು. ಆ ಜಾಗ ಕ್ವೆಚಾನ್ ಎಂಬ ಮೂಲನಿವಾಸಿಗಳಿಗೆ ಪವಿತ್ರ. ಕ್ಯಾಲಿಫೋರ್ನಿಯಾ ಸರ್ಕಾರ ಅಗೆದ ಗುಂಡಿಯನ್ನು ಪೂರ್ತಿ ಮುಚ್ಚಬೇಕು ಅಂತ ನಿಯಮ ತಂದಿತು, ಇದರಿಂದ ಗಣಿ ಲಾಭದ್ದಾಗಿ ಉಳಿಯಲಿಲ್ಲ ಅಂತ ಕಂಪನಿ ದೂರಿತು. ಕಂಪನಿ 5 ಕೋಟಿ ಡಾಲರ್ ಕೇಳಿತು. ಟ್ರಿಬ್ಯೂನಲ್ ಕೇಳಿದ್ದು ಒಂದೇ: ರೂಢಿ ಬದಲಾಗಿದೆ ಅನ್ನುತ್ತೀರಲ್ಲ, ದೇಶಗಳು ಹಾಗೆ ನಡೆದುಕೊಂಡ ಸಾಕ್ಷಿ ಎಲ್ಲಿ? ಕಂಪನಿ ತೋರಿಸಿದ್ದು ಹಿಂದಿನ ಟ್ರಿಬ್ಯೂನಲ್‌ಗಳ ತೀರ್ಪುಗಳನ್ನು. ತೀರ್ಪು ಬರೆಯುವವರು ದೇಶಗಳಲ್ಲ, ಅವರ ಮಾತೇ ರೂಢಿಯಾಗುವುದಿಲ್ಲ. ನೀರ್ ಮಾನದಂಡವೇ ಉಳಿಯಿತು, ಕಂಪನಿ ಸೋತಿತು. ಜೊತೆಗೆ ಒಂದು ಮಾತು ಸೇರಿಸಿದರು: ಮಾನದಂಡ ಅದೇ, ಆದರೆ ಜನ ಬೆಚ್ಚುವ ಸಂಗತಿಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. 1926ರಲ್ಲಿ ಸಹಿಸಿದ್ದನ್ನು ಇವತ್ತು ಸಹಿಸದಿರಬಹುದು.

ಇದಕ್ಕೆ ಎದುರಿಗೆ ಬಿಲ್ಕಾನ್ ಪ್ರಕರಣ. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಅಮೆರಿಕನ್ ಹೂಡಿಕೆದಾರರು ಕಲ್ಲು ಕ್ವಾರಿ ಮತ್ತು ಹಡಗುಕಟ್ಟೆ ಮಾಡಲು ಹೊರಟಿದ್ದರು. ಊರಿನವರು ವಿರೋಧಿಸಿದರು. ಪರಿಸರ ಪರಿಶೀಲನಾ ಸಮಿತಿ 2007ರಲ್ಲಿ "ಸಮುದಾಯದ ಮೂಲ ಮೌಲ್ಯಗಳಿಗೆ" ವಿರುದ್ಧ, ಯೋಜನೆ ಬೇಡ ಅಂತ ಶಿಫಾರಸು ಮಾಡಿತು, ಸರ್ಕಾರಗಳು ಅದನ್ನು ಒಪ್ಪಿ ಯೋಜನೆ ನಿಲ್ಲಿಸಿದವು. 2015ರಲ್ಲಿ ಟ್ರಿಬ್ಯೂನಲ್‌ನ ಇಬ್ಬರು ಸದಸ್ಯರು ಕೆನಡಾ ತಪ್ಪು ಮಾಡಿದೆ ಅಂದರು. ಕಾನೂನಿನಲ್ಲಿ ಇಲ್ಲದ ಅಳತೆಗೋಲನ್ನು ಮೊದಲೇ ತಿಳಿಸದೆ ಹೂಡಿಕೆದಾರರ ಮೇಲೆ ಬಳಸಿದರು ಎಂಬುದು ಅವರ ಕಾರಣ. ಮೂರನೆಯ ಸದಸ್ಯ ಡೊನಾಲ್ಡ್ ಮೆಕ್‌ರೇ ಒಪ್ಪಲಿಲ್ಲ. ಅದು ಕೆನಡಾದ ಕೋರ್ಟಿನಲ್ಲಿ ತೀರ್ಮಾನವಾಗಬೇಕಿದ್ದ ವಿಷಯ, ಅಂತರರಾಷ್ಟ್ರೀಯ ತಪ್ಪಾಗಿ ಮಾಡಿದರೆ ಪರಿಸರ ಸಮಿತಿಗಳು ಜನರ ಮಾತು ಕೇಳಲೇ ಹೆದರುತ್ತವೆ ಎಂಬುದು ಅವರ ಆತಂಕ. ಯಾವ ಅಳತೆಗೋಲಿನಲ್ಲಿ ಅಳೆಯುತ್ತೇವೆ ಅಂತ ಮೊದಲೇ ಹೇಳಬೇಕಿತ್ತು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ತೀರ್ಪಿನ ಒಟ್ಟು ದಿಕ್ಕಿನಲ್ಲಿ ಮೆಕ್‌ರೇ ಹೇಳಿದ್ದೇ ಸರಿ. ಪಶ್ಚಿಮ ಘಟ್ಟದ ಜನ ಕ್ವಾರಿ ಬೇಡ, ಗಣಿ ಬೇಡ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತಾಗ ಅವರ ಮಾತಿಗೆ ಬೆಲೆ ಇರಬೇಕಾದರೆ ಈ ಮಟ್ಟ ನೀರ್ ಹೇಳಿದ ಜಾಗದ ಆಸುಪಾಸಿನಲ್ಲೇ ಇರಬೇಕು. ಪರಿಹಾರದ ಮೊತ್ತ ಮಾತ್ರ, 2019ರಲ್ಲಿ, 70 ಲಕ್ಷ ಡಾಲರಿಗೆ ನಿಂತಿತು. ಕಂಪನಿ ಕೇಳಿದ್ದರ ಮುಂದೆ ಅದು ಬಹಳ ಸಣ್ಣದು.

ಈಗ ನಮ್ಮ ಪ್ರಶ್ನೆಗೆ ಬರೋಣ. ಕುದುರೆಮುಖದ ಕಂಪನಿ ವಿದೇಶಿಯದ್ದಾಗಿದ್ದರೆ ಗೆಲ್ಲುತ್ತಿತ್ತೇ? ಇಲ್ಲ ಅಂತ ನನಗೆ ಖಚಿತವಾಗಿ ಅನ್ನಿಸುತ್ತದೆ. ಗುತ್ತಿಗೆ 30 ವರ್ಷದ್ದು, ಅದು 1999ಕ್ಕೇ ಮುಗಿದಿತ್ತು, ಹಾಗಾಗಿ ಕಿತ್ತುಕೊಂಡರು ಅನ್ನಲು ಕೈಯಲ್ಲಿ ಹಕ್ಕೇ ಉಳಿದಿರಲಿಲ್ಲ. ನವೀಕರಣ ಆಗುತ್ತದೆ ಅಂತ ನಂಬಿದ್ದೆವು ಅನ್ನಬಹುದು. ಆದರೆ ಬೊಲಿವಿಯಾ ಮತ್ತು ಚಿಲಿ ನಡುವಿನ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ: ಒಪ್ಪಂದಗಳ ಕೇಸುಗಳಲ್ಲಿ ನಿರೀಕ್ಷೆಯ ಮಾತು ಬರುತ್ತದೆ ನಿಜ, ಅಷ್ಟರಿಂದಲೇ ನಿರೀಕ್ಷೆಯೊಂದೇ ಬಾಧ್ಯತೆ ಹುಟ್ಟಿಸುತ್ತದೆ ಎಂಬ ನಿಯಮ ಸಾಮಾನ್ಯ ಅಂತರರಾಷ್ಟ್ರೀಯ ಕಾನೂನಿನಲ್ಲಿದೆ ಎಂದಾಗುವುದಿಲ್ಲ. ಇನ್ನು ವಿಚಾರಣೆ? ದೇಶದ ಅತ್ಯುನ್ನತ ಕೋರ್ಟು ಕಂಪನಿಯ ವಾದ ಕೇಳಿತ್ತು. ಕಾರಣ? ರಾಷ್ಟ್ರೀಯ ಉದ್ಯಾನ, ಅರಣ್ಯ ಕಾನೂನು, ನದಿಯ ಹೂಳು, ಎಲ್ಲವನ್ನೂ ಆದೇಶದಲ್ಲಿ ಚರ್ಚಿಸಿದ್ದರು. ಗಡುವೂ ಕೊಟ್ಟಿದ್ದರು. ಪರಿಸರಕ್ಕಾಗಿ, ತಾರತಮ್ಯ ಇಲ್ಲದೆ, ಸರಿಯಾದ ಪ್ರಕ್ರಿಯೆಯಲ್ಲಿ ತಂದ ಸಾಮಾನ್ಯ ನಿಯಮ ಸ್ವತ್ತು ಕಿತ್ತುಕೊಂಡಂತೆ ಆಗುವುದಿಲ್ಲ ಅಂತ 2005ರ ಮೆಥನೆಕ್ಸ್ ತೀರ್ಪು ಹೇಳಿತು. ಕ್ಯಾಲಿಫೋರ್ನಿಯಾ ಪೆಟ್ರೋಲಿಗೆ ಬೆರೆಸುವ ರಾಸಾಯನಿಕವೊಂದನ್ನು ನಿಷೇಧಿಸಿದ್ದರ ಮೇಲೆ ಬಂದ ಪ್ರಕರಣ ಅದು, ಕೆನಡಾದ ಕಂಪನಿ ಸುಮಾರು 97 ಕೋಟಿ ಡಾಲರ್ ಕೇಳಿ ಏನೂ ಸಿಗದೆ ಎದುರಾಳಿಯ ಖರ್ಚನ್ನೂ ಕಟ್ಟಬೇಕಾಯಿತು.

ಯಾವಾಗ ಗೆಲ್ಲುತ್ತಿತ್ತು? ರಾತ್ರೋರಾತ್ರಿ ಪೊಲೀಸರು ಬಂದು ಗೇಟಿಗೆ ಬೀಗ ಹಾಕಿ, ಪಕ್ಕದ ಸ್ವದೇಶಿ ಗಣಿಯನ್ನು ಹಾಗೇ ಬಿಟ್ಟು, ಯಂತ್ರಗಳನ್ನು ಹಣ ಕೊಡದೆ ತೆಗೆದುಕೊಂಡು, ಕೋರ್ಟಿಗೆ ಹೋದರೆ ಅರ್ಜಿಯನ್ನೇ ತೆಗೆದುಕೊಳ್ಳದೆ ಇದ್ದಿದ್ದರೆ ಆಗ. ಅಂಥದ್ದನ್ನು ತಡೆಯಲೆಂದೇ ಈ ಕಾನೂನು ಇರುವುದು.

ಒಪ್ಪಂದ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ವೈಟ್ ಇಂಡಸ್ಟ್ರೀಸ್ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಈ ಆಸ್ಟ್ರೇಲಿಯಾ ಕಂಪನಿ ಕೋಲ್ ಇಂಡಿಯಾ ವಿರುದ್ಧ 2002ರಲ್ಲಿ ಮಧ್ಯಸ್ಥಿಕೆ ಗೆದ್ದಿತು. ಆದರೆ ನಮ್ಮ ಕೋರ್ಟುಗಳಲ್ಲಿ ಒಂಬತ್ತು ವರ್ಷ ಕಳೆದರೂ ಹಣ ಕೈಗೆ ಬರಲಿಲ್ಲ. ಅದು ಭಾರತದ ವಿರುದ್ಧವೇ ಕೇಸು ಹಾಕಿತು. 2011ರ ತೀರ್ಪಿನಲ್ಲಿ ಎರಡು ಭಾಗ ಇದೆ. ಅಷ್ಟು ತಡವಾದದ್ದು ಸರಿಯಲ್ಲ, ಆದರೂ ನ್ಯಾಯ ನಿರಾಕರಣೆಯ ಮಟ್ಟಕ್ಕೆ ಹೋಗಿಲ್ಲ ಅಂತ ಒಂದು. ಕುವೈತ್ ಜೊತೆಗಿನ ಒಪ್ಪಂದದಲ್ಲಿ ಭಾರತ "ಪರಿಣಾಮಕಾರಿ ದಾರಿ" ಒದಗಿಸುವ ಭರವಸೆ ಕೊಟ್ಟಿತ್ತು, ಬೇರೆ ದೇಶದವರಿಗೆ ಕೊಟ್ಟದ್ದನ್ನು ನಿಮಗೂ ಕೊಡುತ್ತೇವೆ ಅಂತ ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದದಲ್ಲಿ ಇದ್ದದ್ದರಿಂದ ಅದು ಆಸ್ಟ್ರೇಲಿಯದವರಿಗೂ ಸಿಗಬೇಕು, ಆ ಭರವಸೆ ಮುರಿದಿದೆ ಅಂತ ಇನ್ನೊಂದು. ರೂಢಿಯ ಕೆಳಗೆ ಭಾರತ ಉಳಿದುಕೊಂಡಿತು, ಒಪ್ಪಂದದ ಕೆಳಗೆ ಸೋತು ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡಬೇಕಾಯಿತು.

ಇನ್ನೊಂದು ಹಾಸನಕ್ಕೇ ತಾಗುವ ಪ್ರಕರಣ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಮ್ಮ ಹಾಸನದಲ್ಲೇ ಇದೆ, 2015ರ ಆಗಸ್ಟ್‌ನಲ್ಲಿ ಹಾರಿದ ಜಿಸ್ಯಾಟ್-6 ಉಪಗ್ರಹದ ನಿಯಂತ್ರಣ ವಹಿಸಿಕೊಂಡದ್ದೂ ಅಲ್ಲೇ. ಆ ಉಪಗ್ರಹದ ಎಸ್-ಬ್ಯಾಂಡ್ ತರಂಗಾಂತರ 2005ರ ಒಪ್ಪಂದದ ಪ್ರಕಾರ ಬೆಂಗಳೂರಿನ ದೇವಾಸ್ ಕಂಪನಿಗೆ ಹೋಗಬೇಕಿತ್ತು, ಅದರಲ್ಲಿ ವಿದೇಶಿ ಹೂಡಿಕೆದಾರರಿದ್ದರು. 2011ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಂದ ರದ್ದು ಮಾಡಿತು. ಮಾರಿಷಸ್ ದೇಶದ ಜೊತೆಗಿನ ಹೂಡಿಕೆ ಒಪ್ಪಂದದ ಕೆಳಗೆ ಆ ಹೂಡಿಕೆದಾರರು ತಂದ ಕೇಸಿನಲ್ಲಿ ಟ್ರಿಬ್ಯೂನಲ್ 2016ರಲ್ಲಿ ಹೇಳಿದ್ದು: ತರಂಗಾಂತರದ 60 ಶೇಕಡಾ ರಕ್ಷಣಾ ಅಗತ್ಯಕ್ಕೆ, ಅದಕ್ಕೆ ಭಾರತ ಹೊಣೆಯಲ್ಲ, ಉಳಿದ 40 ಶೇಕಡಾ ಕಿತ್ತುಕೊಂಡಂತೆಯೇ. ಆಮೇಲೆ 2022ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ದೇವಾಸ್ ವ್ಯವಹಾರವೇ ವಂಚನೆಯದ್ದು ಅಂತ ಕಂಪನಿ ಮುಚ್ಚಿಸಿದ್ದನ್ನು ಎತ್ತಿಹಿಡಿಯಿತು. ವಸೂಲಿಯ ಜಗಳ ಹಲವು ದೇಶಗಳ ಕೋರ್ಟಿಗೆ ಹೋಯಿತು.

ಈ ಅನುಭವಗಳ ನಂತರ ಭಾರತ ದಾರಿ ಬದಲಿಸಿತು. 2015ರ ಡಿಸೆಂಬರ್‌ನಲ್ಲಿ ಒಪ್ಪಿದ ಹೊಸ ಮಾದರಿ ಒಪ್ಪಂದದಲ್ಲಿ "ನ್ಯಾಯಯುತ ಮತ್ತು ಸಮಂಜಸ" ಎಂಬ ಸಾಲನ್ನೇ ತೆಗೆದುಹಾಕಿ, ರೂಢಿಗತ ಕಾನೂನಿನ ಉಲ್ಲಂಘನೆ ಅಂತ ನಾಲ್ಕನ್ನು ಮಾತ್ರ ಬರೆದರು: ನ್ಯಾಯ ನಿರಾಕರಣೆ, ಸರಿಯಾದ ಪ್ರಕ್ರಿಯೆಯ ಮೂಲಭೂತ ಉಲ್ಲಂಘನೆ, ಲಿಂಗ-ಜನಾಂಗ-ಧರ್ಮದಂಥ ಕಾರಣಕ್ಕೆ ಗುರಿಯಿಟ್ಟು ಮಾಡುವ ತಾರತಮ್ಯ, ಬಲವಂತ ಮತ್ತು ಕಿರುಕುಳದಂಥ ಎದ್ದು ಕಾಣುವ ದೌರ್ಜನ್ಯ. ಟ್ರಿಬ್ಯೂನಲ್‌ಗೆ ಹೋಗುವ ಮೊದಲು ಕನಿಷ್ಠ 5 ವರ್ಷ ನಮ್ಮ ಕೋರ್ಟುಗಳಲ್ಲಿ ಪ್ರಯತ್ನಿಸಬೇಕು ಅಂತಲೂ ಹಾಕಿದರು. 2024ರಲ್ಲಿ ಜಾರಿಯಾದ ಯುಎಇ ಒಪ್ಪಂದದಲ್ಲಿ ಆ ಅವಧಿಯನ್ನು 3 ವರ್ಷಕ್ಕೆ ಇಳಿಸಿದ್ದಾರೆ. ಪಟ್ಟಿ ಮಾಡಿ ಬರೆದದ್ದು ಒಳ್ಳೆಯ ಕೆಲಸ ಅಂತ ನನ್ನ ಅಭಿಪ್ರಾಯ. ಅಸ್ಪಷ್ಟ ಸಾಲಿಗೆ ಅರ್ಥ ತುಂಬುವ ಕೆಲಸ ಮೂವರು ಮಧ್ಯಸ್ಥಗಾರರ ಕೈಗೆ ಹೋಗಬಾರದು.

ಆದರೆ ಮಟ್ಟವನ್ನು ಕೆಳಗೆ ಇಡುವಾಗ ನಾವೂ ಹೊರಗೆ ಹೋಗುವವರು ಅನ್ನುವುದು ನೆನಪಿರಲಿ. 1972ರಲ್ಲಿ ಇದಿ ಅಮೀನ್ ಉಗಾಂಡದ ಏಷ್ಯನ್ನರಿಗೆ 90 ದಿನ ಕೊಟ್ಟು ಹೊರಗೆ ಹಾಕಿದಾಗ ಅಂಗಡಿ, ಮನೆ, ಗಿರಣಿ ಬಿಟ್ಟು ಬಂದವರು ಭಾರತ ಮೂಲದವರೇ. ಬೆಂಗಳೂರಿನ ಕರುತುರಿ ಕಂಪನಿ ಇಥಿಯೋಪಿಯಾದ ಗ್ಯಾಂಬೆಲಾದಲ್ಲಿ ದೊಡ್ಡ ಪ್ರಮಾಣದ ಕೃಷಿ ಜಮೀನು ಗುತ್ತಿಗೆ ಪಡೆದಿತ್ತು, 2015ರ ಕೊನೆಗೆ ಅಲ್ಲಿನ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಅಲ್ಲಿನ ಸ್ಥಳೀಯರಿಗೆ ಆ ಜಮೀನಿನ ಮೇಲೆ ಇದ್ದ ಹಕ್ಕಿನ ಪ್ರಶ್ನೆಯೂ ಅಷ್ಟೇ ದೊಡ್ಡದು, ಅದನ್ನು ನಾನು ಕಡೆಗಣಿಸುತ್ತಿಲ್ಲ. ಇಂಥ ಕಡೆ ಒಪ್ಪಂದದ ಬಲ ಇಲ್ಲದವರಿಗೆ ಉಳಿಯುವುದು ರೂಢಿ ಕಾನೂನು ಒಂದೇ.

ಅದರ ದಾರಿಯೂ ಸುಲಭದ್ದಲ್ಲ. ರೂಢಿ ಕಾನೂನಿನ ಕೆಳಗೆ ಹೂಡಿಕೆದಾರರು ತಾವೇ ಕೇಸು ಹಾಕುವ ಹಾಗಿಲ್ಲ. ಮೊದಲು ಆ ದೇಶದ ಕೋರ್ಟುಗಳನ್ನು ಮುಗಿಸಬೇಕು, ಆಮೇಲೆ ತಮ್ಮ ದೇಶದ ಸರ್ಕಾರ ಕೈಗೆತ್ತಿಕೊಳ್ಳಬೇಕು. ಸರ್ಕಾರ ಎತ್ತಿಕೊಳ್ಳಲೇಬೇಕು ಅಂತಲೂ ಇಲ್ಲ. ಬಾರ್ಸಿಲೋನಾ ಟ್ರಾಕ್ಷನ್ ಪ್ರಕರಣದಲ್ಲಿ ಷೇರುದಾರರು ಬೆಲ್ಜಿಯಂನವರು, ಕಂಪನಿ ನೋಂದಣಿಯಾದದ್ದು ಕೆನಡಾದಲ್ಲಿ. ಬೆಲ್ಜಿಯಂ ಸ್ಪೇನನ್ನು ಹೇಗ್‌ಗೆ ಎಳೆದಾಗ, ಕೇಳುವ ಹಕ್ಕು ಕೆನಡಾದ್ದು ಅಂತ 1970ರಲ್ಲಿ ಕೋರ್ಟು ವಾಪಸು ಕಳಿಸಿತು. ಗಿನಿ ದೇಶದ ಉದ್ಯಮಿ ಡಿಯಾಲೊನನ್ನು ಆಗಿನ ಝಾಯಿರ್ ದೇಶ (ಇಂದಿನ ಡಿ.ಆರ್. ಕಾಂಗೊ) ಜೈಲಿಗೆ ಹಾಕಿ 1996ರಲ್ಲಿ ಗಡೀಪಾರು ಮಾಡಿತು. ಗಿನಿ ಅವನ ಪರ ಹೇಗ್‌ಗೆ ಹೋಯಿತು. ಕಂಪನಿಗಳ ನಷ್ಟದ ಭಾಗವನ್ನು ಕೋರ್ಟು ಮುಟ್ಟಲಿಲ್ಲ. ಬಂಧನ ಮತ್ತು ಗಡೀಪಾರಿಗೆ 2012ರಲ್ಲಿ ಸಿಕ್ಕಿದ್ದು 95,000 ಡಾಲರ್.

ಇನ್ನೊಂದು ವಿಷಯವನ್ನು ನಮ್ಮ ಕಡೆಯವರು ಗಮನಿಸಬೇಕು. ಅಂತರರಾಷ್ಟ್ರೀಯ ಕಾನೂನಿನ ಕಣ್ಣಿಗೆ ದೆಹಲಿ, ಬೆಂಗಳೂರು, ಹಾಸನದ ಜಿಲ್ಲಾಧಿಕಾರಿ ಕಚೇರಿ, ಆಲೂರಿನ ಒಂದು ಗ್ರಾಮ ಪಂಚಾಯಿತಿ, ಎಲ್ಲವೂ ಭಾರತವೇ. ಎಲ್ಸಿಯಲ್ಲಿ ಆದೇಶ ಹೊರಡಿಸಿದ್ದು ಒಬ್ಬ ಮೇಯರ್. 2000ದ ಮೆಟಲ್‌ಕ್ಲಾಡ್ ಪ್ರಕರಣದಲ್ಲಿ ಕಟ್ಟಡ ಪರವಾನಗಿ ನಿರಾಕರಿಸಿದ್ದು ಗ್ವಾಡಲ್ಕಾಸರ್ ಎಂಬ ಸಣ್ಣ ಪುರಸಭೆ, 1.6 ಕೋಟಿ ಡಾಲರಿಗೂ ಜಾಸ್ತಿ ಕೊಡಿ ಅಂತ ಆದೇಶ ಬಂದದ್ದು ಮೆಕ್ಸಿಕೊ ದೇಶದ ಮೇಲೆ. ಹಾಗಂತ ಪಂಚಾಯಿತಿಗಳು ವಿದೇಶಿ ಕಂಪನಿ ಅಂದರೆ ಹೆದರಿ ಪರವಾನಗಿ ಕೊಡಬೇಕಾಗಿಲ್ಲ. ಬೇಡ ಅನ್ನುವ ಅಧಿಕಾರ ಪೂರ್ತಿ ಇದೆ. ನೋಟಿಸ್ ಕೊಟ್ಟ ದಿನಾಂಕ, ಕಂಪನಿ ಕೊಟ್ಟ ಉತ್ತರ, ಗ್ರಾಮಸಭೆಯ ನಡಾವಳಿ, ಯಾವ ಕಾನೂನಿನ ಯಾವ ನಿಯಮದ ಕೆಳಗೆ ಬೇಡ ಅಂದದ್ದು ಎಂಬ ಬರಹ, ಇಷ್ಟು ಕಡತದಲ್ಲಿದ್ದರೆ ನೀರ್ ಮಾನದಂಡವಾಗಲಿ, ಅದಕ್ಕಿಂತ ಸ್ವಲ್ಪ ಬಿಗಿಯಾದದ್ದಾಗಲಿ, ಆ ಆದೇಶವನ್ನು ಅಲ್ಲಾಡಿಸುವುದು ಬಹಳ ಕಷ್ಟ.